ಬೆರಳು ಐದು, ಸಂದು ನಾಲ್ಕು

ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎನ್ನುತ್ತಾರೆ. ಒಂದೇ ಮನೆಯ ಇಬ್ಬರು ಸೊಸೆಯರು ಒಂದೇ ಒಲೆಯ ಮುಂದೆ ಹೊಂದಿಕೊಂಡು ಹೋಗುವುದೇ ಕಷ್ಟ. ಅಂಥದ್ದರಲ್ಲಿ ಈ ಓರಗಿತ್ತಿಯರು ಬೆಳಗ್ಗೆ ಒಂದೇ ಅಡುಗೆಮನೆಯಿಂದ ಹೊರಟು, ಒಂದೇ ಶಾಲೆಗೆ ಹೋಗಿ, ಒಂದೇ ಉದ್ದನೆಯ ಹಾಲ್‌ನಲ್ಲಿ ನಡುವೆ ಒಂದು ಹಲಗೆಯ ತಡಿಕೆ ಇಟ್ಟುಕೊಂಡು ಪಾಠ ಹೇಳುತ್ತಿದ್ದರು. ಇನ್ನು ಮುಂದಿನದನ್ನು ಊಹಿಸಿಕೊಳ್ಳಿ ಎಂದು ನಾನು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನೀವು ಊಹಿಸುವ ಹಾಗೆ ಅದು ಮುಗಿಯಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಹಿರಿಯವಳನ್ನು ಮಕ್ಕಳು ದೊಡ್ಡ ಟೀಚರ್ ಎನ್ನುತ್ತಿದ್ದರು, ಕಿರಿಯವಳನ್ನು ಚಿಕ್ಕ ಟೀಚರ್. ದೊಡ್ಡ ಟೀಚರಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ನಾಲ್ಕನೇ ತರಗತಿಯ ಎ ವಿಭಾಗ ಆಕೆಯದು. ಬೆತ್ತ ಎತ್ತಬೇಕಾಗಿರಲಿಲ್ಲ, ಕನ್ನಡಕದ ಮೇಲಿಂದ ನೋಡಿದರೆ ಸಾಕು, ನಲವತ್ತು ಮಕ್ಕಳು ಉಸಿರು ಬಿಗಿಹಿಡಿಯುತ್ತಿದ್ದರು. ಮಗ್ಗಿ ಇಪ್ಪತ್ತರವರೆಗೆ, ಪದ್ಯ ಹನ್ನೆರಡು, ಪುಸ್ತಕದ ಲೆಕ್ಕಗಳಷ್ಟೂ ಉತ್ತರಸಮೇತ ಬಾಯಿಪಾಠ. ಬೇಕಾದರೆ ನಿದ್ದೆಯಿಂದ ಎಬ್ಬಿಸಿ ಕೇಳಿ, ಹೇಳುತ್ತಿದ್ದರು.

ಶಾಲೆಯ ಬಾಗಿಲ ಪಕ್ಕದಲ್ಲಿ ಒಂದು ಕರಿಹಲಗೆ ಇತ್ತು. ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ಬಂದು ಪರೀಕ್ಷೆ ಮಾಡಿ ಹೋದ ಮೇಲೆ ಯಾವ ತರಗತಿಗೆ ನೂರಕ್ಕೆ ಎಷ್ಟು ಎಂದು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಿದ್ದರು. ಸೀಮೆಸುಣ್ಣ ಅಲ್ಲ, ಬಣ್ಣ. ಇಡೀ ವರ್ಷ ಅಳಿಸುವ ಹಾಗಿಲ್ಲ. ಇದು ಆಗಿನ ಸರ್ಕಾರದ ಬುದ್ಧಿವಂತಿಕೆ. ಪೈಪೋಟಿ ಇದ್ದರೆ ವಿದ್ಯೆ ಬೆಳೆಯುತ್ತದೆ ಎಂದು ಮೇಲೆ ಕೂತ ಯಾರಿಗೋ ಹೊಳೆದಿತ್ತು. ವಿದ್ಯೆ ಬೆಳೆಯಿತೋ ಬಿಟ್ಟಿತೋ, ಹೊಟ್ಟೆಕಿಚ್ಚು ಮಾತ್ರ ಹುಲುಸಾಗಿ ಬೆಳೆಯಿತು.

ಹತ್ತೊಂಬತ್ತು ವರ್ಷ ಆ ಹಲಗೆಯ ಮೇಲಿನ ಸಾಲು ದೊಡ್ಡ ಟೀಚರದೇ. ಇಪ್ಪತ್ತನೆಯ ವರ್ಷಕ್ಕೆ ಮೈದುನನ ಮದುವೆಯಾಯಿತು. ಹುಡುಗಿ ಟ್ರೈನಿಂಗ್ ಕಾಲೇಜಿನಲ್ಲಿ ಓದಿದವಳು ಎಂದಾಗ ದೊಡ್ಡ ಟೀಚರೇ ಮೊದಲು ಹೂಂ ಎಂದದ್ದು. ಜೊತೆಗೊಬ್ಬಳು ಆಗುತ್ತಾಳೆ, ಲೆಕ್ಕದ ಪುಸ್ತಕ ತಿದ್ದಲು ನೆರವಾಗುತ್ತಾಳೆ ಎಂದುಕೊಂಡಿದ್ದಳು. ಆಕೆಯೇ ಹೆಡ್‌ಮಾಸ್ಟರರ ಹತ್ತಿರ ಹೋಗಿ ಕಿರಿಯವಳಿಗೆ ಬಿ ವಿಭಾಗ ಕೊಡಿಸಿದ್ದಳು. ತನ್ನ ಕಾಲಿನ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವುದು ಎಂದರೆ ಇದೇ. ಮರುವರ್ಷವೇ ಹಲಗೆಯಲ್ಲಿ ಬಿ ಮೇಲೆ ಬಂತು, ಎ ಕೆಳಗಿಳಿಯಿತು. ಅದರ ಮರುವರ್ಷವೂ ಅಷ್ಟೇ.

ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳೇನೋ. ತಡೆಯಲಾಗದ್ದು ಆ ನಗು. ಚಿಕ್ಕ ಟೀಚರ ತರಗತಿಯಲ್ಲಿ ಮಕ್ಕಳು ನಗುತ್ತಿದ್ದರು. ಲೆಕ್ಕದ ಪಿರಿಯಡ್‌ನಲ್ಲಿ ನಗುತ್ತಿದ್ದರು! ಲೆಕ್ಕದಲ್ಲಿ ನಗುವಂಥದ್ದು ಏನಿದೆ ಎಂದು ದೊಡ್ಡ ಟೀಚರಿಗೆ ಇಪ್ಪತ್ತೆರಡು ವರ್ಷದಲ್ಲಿ ಗೊತ್ತಾಗಿರಲಿಲ್ಲ. ತಡಿಕೆಯ ಆಚೆ ಒಮ್ಮೆ ನಗು ಎದ್ದರೆ ಈಕೆ ಮೇಜಿನ ಒಳಬದಿಯಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಹಾಕುತ್ತಿದ್ದಳು. ಒಂದು ದಿನ ಒಂದೇ ಪಿರಿಯಡ್‌ಗೆ ಹದಿನೇಳು ಗೀಟು. ಅವತ್ತು ಮನೆಗೆ ಬಂದಾಗ ಅತ್ತೆ ಬೇರೆ, ಚಿಕ್ಕವಳು ಬಂದ ಮೇಲೆ ಮನೆಯಲ್ಲಿ ನಾಲ್ಕು ನಗು ಕೇಳುತ್ತದೆ ಎಂದು ಪಕ್ಕದ ಮನೆಯವಳಿಗೆ ಹೇಳುತ್ತಿದ್ದರು. ಗಂಡ ಅಂಚೆ ಕಚೇರಿಯ ಗುಮಾಸ್ತ. ಸ್ಟ್ಯಾಂಪು ಕೊಳ್ಳಲು ಬಂದವರೆಲ್ಲ ನಿನ್ನ ಓರಗಿತ್ತಿಯನ್ನು ಹೊಗಳುತ್ತಾರೆ ಕಣೇ ಎಂದು ಊಟ ಮಾಡುತ್ತ ಹೇಳಿದ. ಪಾಪ, ಖುಷಿಯಾಗಲಿ ಎಂದೇ ಹೇಳಿದ್ದು. ಗಂಡಸರಿಗೆ ಈ ವಿಷಯದಲ್ಲಿ ದೇವರು ಬುದ್ಧಿ ಕೊಟ್ಟಿಲ್ಲ.

ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಬಾಯಲ್ಲಿ ಮಾತ್ರ ದೊಡ್ಡ ಟೀಚರು ಅದನ್ನು ಗದ್ದಲದ ತೊಂದರೆ ಎಂದು ಕರೆಯುತ್ತಿದ್ದಳು. ಪಕ್ಕದ ತರಗತಿಯ ಗದ್ದಲದಿಂದ ನನ್ನ ಮಕ್ಕಳ ಓದು ಕೆಡುತ್ತಿದೆ, ಹಲಗೆಯ ತಡಿಕೆ ತೆಗೆಸಿ ಇಟ್ಟಿಗೆಯ ಗೋಡೆ ಕಟ್ಟಿಸಿಕೊಡಬೇಕು ಎಂದು ಇಲಾಖೆಗೆ ಏಳು ಅರ್ಜಿ ಬರೆದಿದ್ದಳು. ಏಳಕ್ಕೂ ಉತ್ತರ ಇರಲಿಲ್ಲ.

ಆ ತಡಿಕೆಯೋ, ಶಾಲೆಯಷ್ಟೇ ಹಳೆಯದು. ಅದರಲ್ಲಿ ಒಂದು ಹಲಗೆಯ ಗಂಟು ಉದುರಿ, ಕೂತ ಮಗುವಿನ ಕಣ್ಣಿನ ಎತ್ತರಕ್ಕೆ ಹೆಬ್ಬೆರಳು ಹೋಗುವಷ್ಟು ತೂತು ಬಿದ್ದಿತ್ತು. ದೊಡ್ಡ ಟೀಚರು ಅದಕ್ಕೆ ಕಾಗದ ತುರುಕಿದಳು, ಮಾರನೆಯ ದಿನ ಕಾಗದ ಮಾಯ. ಬಟ್ಟೆ ತುರುಕಿದಳು, ಬಟ್ಟೆಯೂ ಮಾಯ. ಇದು ಹಿಂದಿನ ಬೆಂಚಿನವರದೇ ಕಿತಾಪತಿ ಎಂದು ಗೊತ್ತಿತ್ತು. ಯಾಕೆಂದರೆ ತಡಿಕೆಗೆ ಒರಗಿಕೊಂಡಂತೆ ಇದ್ದದ್ದು ಅದೊಂದೇ ಬೆಂಚು.

ಈ ಬೆಂಚಿನ ವಿಷಯ ಸ್ವಲ್ಪ ಹೇಳಬೇಕು. ದೊಡ್ಡ ಟೀಚರ ಪದ್ಧತಿಯಲ್ಲಿ ಬುದ್ಧಿವಂತರಿಗೆ ಮುಂದಿನ ಬೆಂಚು, ಸಾಧಾರಣದವರಿಗೆ ನಡುವಿನವು, ಏನು ಮಾಡಿದರೂ ತಲೆಗೆ ಹತ್ತದ ಎಂಟು ಮಕ್ಕಳಿಗೆ ತಡಿಕೆಯ ಬುಡದ ಬೆಂಚು. ಆಕೆ ಅದನ್ನು ದಂಡಪಿಂಡದ ಸಾಲು ಎಂದು ಕರೆಯುತ್ತಿದ್ದಳು. ಅಲ್ಲಿ ತೂತಿನ ಪಕ್ಕಕ್ಕೇ ಕೂರುತ್ತಿದ್ದ ಹುಡುಗಿಗೆ ಮೂಗಿ ಎಂದು ಹೆಸರಿಟ್ಟವಳೂ ಆಕೆಯೇ. ಹುಡುಗಿಗೆ ಮಾತು ಬರುತ್ತಿತ್ತು. ಆದರೆ ಏನು ಕೇಳಿದರೂ ಎದ್ದು ನಿಂತು ತನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದಳು. ಕೇಳಿ ಕೇಳಿ ಸಾಕಾಗಿ ದೊಡ್ಡ ಟೀಚರು ಆ ಸಾಲನ್ನು ಕೇಳುವುದನ್ನೇ ಬಿಟ್ಟಿದ್ದಳು. ಇನ್ಸ್‌ಪೆಕ್ಟರುಗಳೂ ಮುಂದಿನ ಎರಡು ಬೆಂಚು ನೋಡಿ, ಚಹಾ ಕುಡಿದು ಹೋಗುವವರು. ಹಿಂದಿನವರ ಗೊಡವೆ ಯಾರಿಗೂ ಇರಲಿಲ್ಲ.

ಆ ವರ್ಷ ಎರಡು ಸುತ್ತೋಲೆ ಬಂದವು. ಮೊದಲನೆಯದು: ಇನ್ನು ಮೇಲೆ ಮುಖ್ಯೋಪಾಧ್ಯಾಯರ ಹುದ್ದೆಗೆ ವಯಸ್ಸು, ಸರ್ವೀಸು ನೋಡುವುದಿಲ್ಲ. ಆ ವರ್ಷದ ತಪಾಸಣೆಯಲ್ಲಿ ಯಾರ ಮಕ್ಕಳು ಮೇಲೋ ಅವರಿಗೇ ಹುದ್ದೆ. ಹೆಡ್‌ಮಾಸ್ಟರರು ದಸರೆಯ ಹೊತ್ತಿಗೆ ನಿವೃತ್ತರಾಗುವವರಿದ್ದರು. ಅವರ ಕೋಣೆಯಲ್ಲಿ ಬೆತ್ತ ಹೆಣೆದ, ಎರಡು ಕೈಗಳ ಒಂದು ಕುರ್ಚಿ ಇತ್ತು. ಹದಿನೆಂಟು ವರ್ಷ ಅವರ ಮೊಣಕೈ ಉಜ್ಜಿ ಉಜ್ಜಿ ಬಲಗೈಯ ಮರ ಕನ್ನಡಿಯಂತೆ ಹೊಳೆಯುತ್ತಿತ್ತು. ಹಾಜರಿ ಪುಸ್ತಕ ಇಡಲು ಹೋದಾಗಲೆಲ್ಲ, ಯಾರೂ ಇಲ್ಲದಿದ್ದರೆ, ದೊಡ್ಡ ಟೀಚರು ಆ ಹೊಳಪಿನ ಮೇಲೆ ಕೈ ಆಡಿಸಿ ಬರುತ್ತಿದ್ದಳು. ಹಳೆಯ ಕಾನೂನಿನ ಪ್ರಕಾರ ಅದು ಆಕೆಗೇ ಬರಬೇಕಾಗಿತ್ತು. ಹೊಸ ಕಾನೂನಿನ ಪ್ರಕಾರ ಅದು ಓರಗಿತ್ತಿಗೆ ಹೋಗುತ್ತಿತ್ತು. ನಾಳೆ ಶಾಲೆಯಲ್ಲಿ ಅವಳ ಮುಂದೆ ರಜೆಯ ಚೀಟಿ ಹಿಡಿದು ನಿಲ್ಲಬೇಕು, ಸಂಜೆ ಮನೆಯಲ್ಲಿ ಅವಳಿಂದಲೇ ಅಕ್ಕ ಅನ್ನಿಸಿಕೊಳ್ಳಬೇಕು.

ಎರಡನೆಯ ಸುತ್ತೋಲೆಯನ್ನು ಆಕೆ ಸರಿಯಾಗಿ ಓದಲೇ ಇಲ್ಲ. ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಕೇಳತಕ್ಕದ್ದು, ಎಲ್ಲ ಸಾಲಿನ ಮಕ್ಕಳನ್ನೂ ಕೇಳತಕ್ಕದ್ದು ಎಂದು ಅದರಲ್ಲಿತ್ತು. ಇಂಥವು ವರ್ಷಕ್ಕೆ ಹತ್ತು ಬರುತ್ತವೆ ಎಂದು ಮಡಚಿ ಡ್ರಾಯರಿಗೆ ಹಾಕಿ, ಮುಂದಿನ ಬೆಂಚನ್ನು ಇನ್ನಷ್ಟು ಗಟ್ಟಿಯಾಗಿ ಉರುಹೊಡೆಸಲು ಶುರುಮಾಡಿದಳು.

ಅತ್ತ ಚಿಕ್ಕ ಟೀಚರ ಹಾವಳಿಯೂ ಹೆಚ್ಚಾಯಿತು. ಒಂದು ದಿನ ಅವಳು ತನ್ನ ಬೋರ್ಡನ್ನು ಇದ್ದ ಜಾಗದಿಂದ ಎಳೆದು ಎದುರಿನ ಕೊನೆಯ ಗೋಡೆಗೆ ಸಾಗಿಸಿದಳು. ಅಲ್ಲಿಂದ ತಡಿಕೆಯ ಕಡೆಗೆ ಮುಖಮಾಡಿ, ಸಂತೆಯಲ್ಲಿ ನಿಂತವಳಂತೆ ದನಿ ಎತ್ತಿ ಪಾಠ ಹೇಳತೊಡಗಿದಳು. ಬೇಕೆಂದೇ ಕೂಗುತ್ತಾಳೆ, ನನಗೆ ಕೇಳಲಿ ಅಂತಲೇ ಮೆರೆಯುತ್ತಾಳೆ ಎಂದು ದೊಡ್ಡ ಟೀಚರು ಹಲ್ಲು ಕಡಿದಳು. ಒಮ್ಮೆ ರಿಬ್ಬನ್ ಕತ್ತರಿಸುವ ಪಾಠವಂತೆ. ಐದು ತುಂಡು ಬೇಕಾದರೆ ಎಷ್ಟು ಸಲ ಕತ್ತರಿ ಹಾಕಬೇಕು ಎಂದು ಚಿಕ್ಕ ಟೀಚರು ಕೇಳಿದ್ದು, ಐದು ಎಂದು ಮಕ್ಕಳು ಕಿರುಚಿದ್ದು, ಅವಳು ನಕ್ಕದ್ದು ಎಲ್ಲ ಕೇಳಿಸಿತು. ಆಮೇಲೆ ಅವಳ ದನಿ, ಅಕ್ಷರ ಅಕ್ಷರ ಬಿಡಿಸಿ: "ಎಲ್ರೂ ಕೈ ಎತ್ತಿ. ಬೆರಳು ಅಗಲಿಸಿ. ಬೆರಳು ಐದು, ಸಂದು ನಾಲ್ಕು. ಕತ್ತರಿ ಹೋಗೋದು ಸಂದಿನಲ್ಲಿ."

ದೊಡ್ಡ ಟೀಚರು ಮೇಜಿನಡಿ ಗೀಟು ಹಾಕಿ, ಎದ್ದು ಹೋಗಿ ತಡಿಕೆಗೆ ಬೆತ್ತದಿಂದ ಟಕಟಕ ಬಡಿದು ಬಂದಳು. ಬರುವಾಗ ನೋಡುತ್ತಾಳೆ, ತೂತಿಗೆ ತುರುಕಿದ್ದ ಬಟ್ಟೆ ಮತ್ತೆ ಇಲ್ಲ. ಸಿಟ್ಟಿನಿಂದ ಇಡೀ ದಂಡಪಿಂಡದ ಸಾಲನ್ನು ಪಿರಿಯಡ್ ಮುಗಿಯುವವರೆಗೆ ತಡಿಕೆಗೆ ಬೆನ್ನು ಹಚ್ಚಿ ನಿಲ್ಲಿಸಿದಳು. ಎಂಟೂ ಮಕ್ಕಳು ಚಕಾರ ಎತ್ತದೆ ನಿಂತವು. ಶಿಕ್ಷೆ ಎಂದರೆ ಅಷ್ಟು ಸಂತೋಷವಾಗಿ ನಿಲ್ಲುವ ಮಕ್ಕಳನ್ನು ಆಕೆ ಬೇರೆಲ್ಲೂ ನೋಡಿರಲಿಲ್ಲ. ನಾಚಿಕೆಗೆಟ್ಟವು ಎಂದುಕೊಂಡಳು.

ಇನ್ಸ್‌ಪೆಕ್ಟರು ಬಂದರು. ಹೊಸಬರು, ಸಣಕಲು ಮನುಷ್ಯ, ಚಹಾ ಬೇಡ ಎಂದರು. ಅಲ್ಲಿಗೇ ಹೆಡ್‌ಮಾಸ್ಟರರ ಮುಖ ಸಪ್ಪಗಾಯಿತು. ಮೊದಲು ಬಿ ವಿಭಾಗ ನೋಡಿದರು. ಚಿಕ್ಕ ಟೀಚರ ಮಕ್ಕಳು ಚೆನ್ನಾಗಿಯೇ ಹೇಳುತ್ತಿದ್ದುದು ಈಚೆಗೆ ಕೇಳಿಸುತ್ತಿತ್ತು. ಒಂದೊಂದು ಸರಿ ಉತ್ತರವೂ ದೊಡ್ಡ ಟೀಚರ ಕಿವಿಗೆ ಕಾದ ಸೀಸ ಹೊಯ್ದ ಹಾಗಾಗುತ್ತಿತ್ತು. ಅವಳ ಮಕ್ಕಳು ತಪ್ಪಿದಾಗ, ಅದೂ ನಾಲ್ಕಾರು ಸಲ ಆಯಿತು, ಈಕೆಗೆ ಗೊತ್ತಿಲ್ಲದೆಯೇ ಮುಖ ಅರಳುತ್ತಿತ್ತು. ಎದುರಿಗೆ ಕೂತ ಮಕ್ಕಳು ನಮ್ಮ ಟೀಚರಿಗೆ ನಗಲು ಬರುತ್ತದೆಯೇ ಎಂದು ಬೆರಗಾಗಿ ನೋಡಿದವು.

ಆಮೇಲೆ ಈಚೆ ಬಂದರು. ಮುಂದಿನ ಬೆಂಚು ಮಗ್ಗಿ ಒಪ್ಪಿಸಿತು, ಪದ್ಯ ಒಪ್ಪಿಸಿತು, ಒಂದು ಅಕ್ಷರ ತಪ್ಪಲಿಲ್ಲ. ಇನ್ಸ್‌ಪೆಕ್ಟರು ತಲೆಯಾಡಿಸಿ ಪುಸ್ತಕ ಮುಚ್ಚಿದರು. ಒಂದು ಮರದ ಹಲಗೆ ಇದೆ, ಅದನ್ನು ಹತ್ತು ತುಂಡು ಮಾಡಬೇಕು, ಒಂದು ಸಲ ಗರಗಸ ಹಾಕಿ ಕೊಯ್ಯಲು ಮೂರು ನಿಮಿಷ ಬೇಕು, ಒಟ್ಟು ಎಷ್ಟು ಹೊತ್ತು ಎಂದು ಕೇಳಿದರು. ಮುಂದಿನ ಬೆಂಚಿನ ಜಾಣ ಹುಡುಗಿ ಎದ್ದು ಮೂವತ್ತು ನಿಮಿಷ ಎಂದಳು. ತಪ್ಪು ಎಂದರು. ಪಕ್ಕದವಳು ಎದ್ದು, ಈ ಲೆಕ್ಕ ನಮ್ಮ ಪುಸ್ತಕದಲ್ಲಿ ಇಲ್ಲ ಸಾರ್ ಎಂದು ಅಳುಮೋರೆ ಮಾಡಿದಳು. ನಡುವಿನ ಬೆಂಚುಗಳೂ ಮೂವತ್ತು, ಮೂವತ್ತು ಎಂದವು. ಇನ್ಸ್‌ಪೆಕ್ಟರು ನಡೆದು ನಡೆದು ತಡಿಕೆಯ ಬುಡಕ್ಕೇ ಹೋಗಿ ಮೂಗಿಯ ಮುಂದೆ ನಿಂತಾಗ, ಮುಗಿಯಿತು, ಕುರ್ಚಿ ಹೋಯಿತು ಎಂದು ದೊಡ್ಡ ಟೀಚರು ಕಣ್ಣು ಮುಚ್ಚಿಕೊಂಡಳು.

ಹುಡುಗಿ ಎದ್ದಳು. ಕಾಲಿನ ಹೆಬ್ಬೆರಳು ನೋಡಿದಳು. ಆಮೇಲೆ ಎರಡೂ ಕೈ ಎತ್ತಿ ಬೆರಳು ಅಗಲಿಸಿ, ಕೈ ಜೋಡಿಸಿ ಹಿಡಿದಳು.

"ಇಪ್ಪತ್ತೇಳು ನಿಮಿಷ ಸಾರ್. ಬೆರಳು ಹತ್ತಿದ್ರೆ ಸಂದು ಒಂಬತ್ತು. ಗರಗಸ ಹೋಗೋದು ಸಂದಿನಲ್ಲಿ."

ದೊಡ್ಡ ಟೀಚರು ಕಣ್ಣು ಬಿಟ್ಟಳು. ಹುಡುಗಿಯ ದನಿಯನ್ನು ಆಕೆ ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಆದರೆ ಆ ಮಾತು? ಆ ಮಾತನ್ನು ಆಕೆ ಕೇಳಿದ್ದಳು. ಬೆತ್ತದಿಂದ ತಡಿಕೆ ಬಡಿದ ದಿನವೇ ಕೇಳಿದ್ದಳು.

ಇನ್ಸ್‌ಪೆಕ್ಟರು ಮೂಗಿಯ ಪಕ್ಕದ ಹುಡುಗನತ್ತ ತಿರುಗಿದರು. ಗೋಡೆ ಗಡಿಯಾರ ನಾಲ್ಕು ಸಲ ಹೊಡೆಯಲು ಆರು ಸೆಕೆಂಡು ಹಿಡಿದರೆ ಎಂಟು ಸಲ ಹೊಡೆಯಲು ಎಷ್ಟು ಎಂದರು. ಮುಂದಿನ ಬೆಂಚು ಅವಸರಪಟ್ಟು ಹನ್ನೆರಡು ಎಂದಿತು. ಹುಡುಗ ಬೆರಳು ಮಡಚಿ ಬಿಡಿಸಿ ಹದಿನಾಲ್ಕು ಎಂದ. ಆ ಸಾಲಿನಲ್ಲಿ ಎಂಟಕ್ಕೆ ಏಳು ಮಕ್ಕಳು, ಪುಸ್ತಕದಲ್ಲಿಲ್ಲದ್ದನ್ನೆಲ್ಲ ಹೇಳಿದರು. ಇನ್ಸ್‌ಪೆಕ್ಟರು ಕೈಚೀಲದಿಂದ ಪೆನ್ನು ತೆಗೆದರು.

"ಇಷ್ಟು ವರ್ಷದಲ್ಲಿ ಕೊನೇ ಬೆಂಚು ಮೊದಲನೇ ಬೆಂಚನ್ನು ಮೀರಿಸಿದ್ದು ನಾನು ನೋಡಿಲ್ಲ ಮೇಡಂ. ಇವರಿಗೆ ಇದನ್ನ ಹೇಗೆ ಹೇಳಿಕೊಟ್ರಿ?"

ತಡಿಕೆಯ ಆಚೆ ಒಂದು ಸದ್ದಿಲ್ಲ. ಸದಾ ಗಿಜಿಗುಡುವ ಆ ತರಗತಿ ಆಗ ಉಸಿರೂ ಬಿಡುತ್ತಿರಲಿಲ್ಲ. ಓರಗಿತ್ತಿ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ದೊಡ್ಡ ಟೀಚರಿಗೆ ಗೊತ್ತಿತ್ತು. ಎರಡು ಮಾತು ಸಾಕಾಗಿತ್ತು, ಆಚೆಯವಳದು ಸಾರ್, ನನ್ನದಲ್ಲ ಎಂದು. ಆ ಎರಡು ಮಾತು ನಾಲಿಗೆಯ ತುದಿಯವರೆಗೂ ಬಂದವು. ಬಂದಾಗ ಆ ಹೊಳೆಯುವ ಕುರ್ಚಿಯ ಕೈ ಕಣ್ಣಮುಂದೆ ಬಂತು.

"ಹಿಂದಿನ ಬೆಂಚಿನ ಮೇಲೆ ನಂಗೆ ಯಾವಾಗ್ಲೂ ಒಂದು ಕಣ್ಣು ಸಾರ್," ಎಂದಳು.

ಹೀಗೆ ಆ ವರ್ಷ ಎ ಮೇಲೆ ಬಂತು. ಟ್ರೈನಿಂಗ್ ಆದವರ ತರಗತಿ ಚೆನ್ನಾಗಿರುವುದು ಸಹಜ, ಹಳೆಯ ಕಾಲದ ಶಿಕ್ಷಕಿಯೊಬ್ಬರು ಕಡೆಗಣಿಸಿದ ಮಕ್ಕಳನ್ನು ಇಷ್ಟು ಎತ್ತರಕ್ಕೆ ತಂದದ್ದು ವಿಶೇಷ ಎಂದು ಬರೆದು ಇನ್ಸ್‌ಪೆಕ್ಟರು ಆ ಸಾಲಿಗೇ ಹೆಚ್ಚು ಅಂಕ ಕೊಟ್ಟಿದ್ದರು. ಕುರ್ಚಿ ದೊಡ್ಡ ಟೀಚರದಾಯಿತು. ಅಷ್ಟೇ ಅಲ್ಲ, ಇಂಥವರ ಕೋರಿಕೆಯನ್ನು ಇಲಾಖೆ ಏಳು ಸಲ ಕಡೆಗಣಿಸಿದ್ದು ತಪ್ಪು ಎಂದು ಬಹುಮಾನದ ಹಾಗೆ ಇಟ್ಟಿಗೆಯ ಗೋಡೆಯನ್ನೂ ಮಂಜೂರು ಮಾಡಿಸಿದರು. ಬೇಡಿದ್ದನ್ನೆಲ್ಲ ಕೊಟ್ಟು ದೇವರು ಹೀಗೂ ಸೇಡು ತೀರಿಸಿಕೊಳ್ಳುತ್ತಾನೆ.

ಮನೆಯಲ್ಲಿ ಅತ್ತೆ ದೊಡ್ಡವಳನ್ನು ಹೊಗಳಿದರು. ಗಂಡ ಅಂಚೆ ಕಚೇರಿಯಲ್ಲೆಲ್ಲ ಹೇಳಿಕೊಂಡು ಬಂದ. ಚಿಕ್ಕವಳು ಒಳ್ಳೇದಾಯ್ತು ಅಕ್ಕ ಎಂದು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ಅಷ್ಟೇ. ಒಂದು ಕೊಂಕು ಇಲ್ಲ, ಒಂದು ಓರೆನೋಟ ಇಲ್ಲ. ಜಗಳ ತೆಗೆದಿದ್ದರೆ ದೊಡ್ಡ ಟೀಚರು ಸಲೀಸಾಗಿ ಉಸಿರಾಡುತ್ತಿದ್ದಳು. ಜಗಳಕ್ಕೆ ಬೇಕಾದ ಉತ್ತರಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದಳು, ಕೇಳುವವರೇ ಇಲ್ಲ. ಕುರ್ಚಿ ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸೋತಾಗ ಅವಳ ಮೇಲೆ ಎಷ್ಟು ಹೊಟ್ಟೆಕಿಚ್ಚಿತ್ತೋ ಗೆದ್ದ ಮೇಲೆ ಅದರ ಎರಡರಷ್ಟಾಯಿತು. ಮೊದಲಾದರೂ ಸೋಲು ಅವಳಿಂದ ಬಂದದ್ದು, ಗೆಲುವು ತನ್ನದಾಗಿತ್ತು. ಈಗ ಗೆಲುವೂ ಅವಳಿಂದಲೇ.

ದಸರೆ ರಜೆ ಮುಗಿಯುವ ಹತ್ತು ದಿನ ಮೊದಲು ಗಾರೆಯವನು ಬಂದು, ಇಟ್ಟಿಗೆ ಇಳಿದಿದೆ, ನಾಳೆ ತಡಿಕೆ ಕೀಳುತ್ತೇನೆ ಎಂದು ಹೇಳಿಹೋದ. ಮಾರನೆಯ ಬೆಳಗ್ಗೆ ಅವನು ಬರುವ ಮೊದಲೇ ದೊಡ್ಡ ಟೀಚರು ಶಾಲೆಗೆ ಹೋದಳು. ಯಾಕೆ ಹೋದೆ ಎಂದು ಆಕೆಯನ್ನು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಹಾಲ್ ಖಾಲಿ. ಕಿಟಕಿಯಿಂದ ಬಿಸಿಲು ಬೆಂಚುಗಳ ಮೇಲೆ ಬಿದ್ದಿತ್ತು. ಆಕೆ ಹಿಂದಿನ ಬೆಂಚಿಗೆ ಹೋಗಿ, ಸೀರೆ ಮುದುಡಿಕೊಂಡು ಮೂಗಿಯ ಜಾಗದಲ್ಲಿ ಕೂತಳು. ಮಂಡಿ ಗದ್ದಕ್ಕೆ ಬಂತು. ಅಲ್ಲಿಂದ ನೋಡಿದರೆ ತನ್ನ ಮೇಜು ಎಷ್ಟೋ ದೂರದಲ್ಲಿತ್ತು, ತನ್ನ ಬೋರ್ಡಿನ ಮೇಲೆ ಉಳಿದಿದ್ದ ಅಕ್ಷರ ಒಂದೂ ಓದಲಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆಕೆ ಆ ಬೆಂಚಿನ ಮೇಲೆ ಒಮ್ಮೆಯೂ ಕೂತಿರಲಿಲ್ಲ.

ಕನ್ನಡಕ ತೆಗೆದು ತೂತಿಗೆ ಕಣ್ಣಿಟ್ಟಳು. ಆಚೆಯ ಬೋರ್ಡು ಚೌಕಟ್ಟು ಹಾಕಿದ ಚಿತ್ರದಂತೆ ನಟ್ಟನಡುವೆ ಕಂಡಿತು. ಒಂದು ಗೇಣು ಆ ಕಡೆ ಇಲ್ಲ, ಈ ಕಡೆ ಇಲ್ಲ. ಮೊದಲು ಬೋರ್ಡು ಇದ್ದ ಜಾಗ ಈ ತೂತಿನಿಂದ ಕಾಣುತ್ತಲೇ ಇರಲಿಲ್ಲ.

ಕಣ್ಣು ಕಿತ್ತುಕೊಂಡು ತಿರುಗಿದರೆ ಬಾಗಿಲಲ್ಲಿ ಚಿಕ್ಕ ಟೀಚರು, ಕೈಯಲ್ಲಿ ತನ್ನ ತರಗತಿಯ ಪುಸ್ತಕಗಳ ಕಟ್ಟು. ಧೂಳು ಬೀಳುತ್ತದೆ, ತೆಗೆದಿಡಲು ಬಂದೆ ಎಂದಳು. ದೊಡ್ಡ ಟೀಚರು ಏಳಲು ನೋಡಿದಳು, ಬೆಂಚು ಸಣ್ಣದು, ಏಳಲಾಗಲಿಲ್ಲ. ಕೂತಲ್ಲಿಂದಲೇ ಕೇಳಿದಳು.

"ಬೋರ್ಡು ಬೇಕೂ ಅಂತಾನೇ ಅಲ್ಲಿ ಇಟ್ಯಾ?"

ಚಿಕ್ಕವಳು ಕಟ್ಟನ್ನು ಕೆಳಗಿಟ್ಟಳು. "ಹೂಂ ಅಕ್ಕ. ಮೊದ್ಲು ತೂತಲ್ಲಿ ಒಂದು ಕಣ್ಣು ಕಂಡಿತ್ತು. ನಾನು ಪಾಠ ಹೇಳ್ತಾ ಅತ್ತಿತ್ತ ಸರಿದ್ರೆ ಕಣ್ಣೂ ಸರಿಯೋದು. ಒಂದಿನ ನಮ್ಮವರು ಯಾರೂ ಹೇಳದ ಉತ್ತರ ತಡಿಕೆ ಒಳಗಿಂದ ಪಿಸುಪಿಸು ಅಂತ ಬಂತು. ಆಮೇಲೆ ಬೋರ್ಡು ಎದುರಿಗೆ ತಂದೆ. ದೂರ ಆಯ್ತಲ್ಲ, ಅದಕ್ಕೇ ಕೂಗಬೇಕಾಯ್ತು."

"ನಂಗೆ ಒಂದು ಮಾತು ಹೇಳಬಾರದಿತ್ತೇನೇ?"

"ಹೇಳಿದ್ರೆ ನೀವು ತೂತು ಮುಚ್ಚಿಸ್ತಿದ್ರಿ."

ಚಿಕ್ಕವಳು ಹೇಳಿದ್ದು ನಿಜ. ಮುಚ್ಚಿಸುತ್ತಿದ್ದಳು. ಮೊಳೆ ಹೊಡೆಸಿ ಮುಚ್ಚಿಸುತ್ತಿದ್ದಳು. ತನ್ನ ಮಕ್ಕಳು ಅವಳಿಂದ ಒಂದಕ್ಷರ ಕಲಿಯುವುದಕ್ಕಿಂತ ದಡ್ಡರಾಗಿಯೇ ಇರಲಿ ಎನ್ನುವಷ್ಟು ಉರಿ ಆಗ ಹೊಟ್ಟೆಯಲ್ಲಿತ್ತು. ಅದನ್ನು ಈ ಮೂವತ್ತೂ ತುಂಬದ ಹುಡುಗಿ ಅಷ್ಟು ಸರಳವಾಗಿ ತಿಳಿದುಕೊಂಡಿದ್ದಳು, ತಿಳಿದೂ ಅದೇ ಮನೆಯಲ್ಲಿ ತನಗೆ ರೊಟ್ಟಿ ಬಡಿಸಿದ್ದಳು. ಆ ಒಳ್ಳೆಯತನ ಹಲಗೆಯ ಮೇಲಿನ ಬಿಳಿ ಅಂಕಿಗಿಂತ ಹೆಚ್ಚು ಚುಚ್ಚಿತು. ಅದರಲ್ಲೂ ನೀನೇ ಮುಂದೆ ಹೋದೆಯಲ್ಲೇ ಎಂದು ಕೂಗಬೇಕೆನ್ನಿಸಿತು.

"ಅವತ್ತು ನಾನು ಇನ್ಸ್‌ಪೆಕ್ಟರಿಗೆ ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು."

"ನಿಂಗೆ ಕುರ್ಚಿ ಬೇಡವಾಗಿತ್ತಾ?"

ಚಿಕ್ಕ ಟೀಚರು ಬಗ್ಗಿ ಪುಸ್ತಕದ ಕಟ್ಟಿನ ದಾರ ಬಿಗಿದಳು. ಕೊನೆಗೆ ನೆಲ ನೋಡುತ್ತ ಹೇಳಿದಳು. "ಬೇಕಿತ್ತು ಅಕ್ಕ. ತುಂಬಾ ಬೇಕಿತ್ತು. ಆ ಮಕ್ಕಳು ಉತ್ತರ ಹೇಳುವಾಗ ಒಂದು ಕಣ್ಣಲ್ಲಿ ಸಂತೋಷ, ಇನ್ನೊಂದರಲ್ಲಿ ನೀರು. ಮೂರು ದಿನ ನಿಮ್ಮ ಮುಖ ನೋಡಿದ್ರೆ ಮೈ ಉರೀತಿತ್ತು. ನಿಮ್ಮ ರೊಟ್ಟಿ ಬೇಕೂ ಅಂತಾನೇ ಸೀಸಿ ಹಾಕ್ದೆ."

ದೊಡ್ಡ ಟೀಚರು ನೆನಪು ಮಾಡಿಕೊಂಡಳು. ಹೌದು, ಆ ದಿನಗಳ ರೊಟ್ಟಿ ಒಂದು ಬದಿ ಕರಿ ಹಿಡಿದಿತ್ತು. ಒಲೆಯ ದೋಷ ಎಂದುಕೊಂಡಿದ್ದಳು. ಇವಳಿಗೂ ಹೊಟ್ಟೆಕಿಚ್ಚಿದೆ! ತನ್ನ ಮೇಲೆ! ಮೂರು ವರ್ಷದಲ್ಲಿ ಇಷ್ಟು ಸಮಾಧಾನದ ಸುದ್ದಿಯನ್ನು ಆಕೆ ಕೇಳಿರಲಿಲ್ಲ. ಎದೆಯ ಮೇಲಿಂದ ಯಾರೋ ಒಂದು ಚಪ್ಪಡಿ ಎತ್ತಿದ ಹಾಗಾಯಿತು. ನಗು ಬಂತು, ತಡೆಯಲು ನೋಡಿದಳು, ಆಗಲಿಲ್ಲ. ಚಿಕ್ಕವಳೂ ನಕ್ಕಳು. ಬೆಂಚಿನಿಂದ ಎಬ್ಬಿಸಲು ಅವಳು ಕೈ ಕೊಡಬೇಕಾಯಿತು. ಏಳುವಾಗ ದೊಡ್ಡ ಟೀಚರು, ಆ ರೊಟ್ಟಿಯ ಲೆಕ್ಕ ನಾನು ಮರೆಯುವುದಿಲ್ಲ ಎಂದು ಹೇಳುವುದನ್ನು ಮರೆಯಲಿಲ್ಲ.

ಗಾರೆಯವನು ಬಂದ. ಮಂಜೂರಾದ ಗೋಡೆಯನ್ನು ಬೇಡ ಎನ್ನುವ ಹಾಗಿರಲಿಲ್ಲ. ಗೋಡೆ ನೋಡಲು ಇನ್ಸ್‌ಪೆಕ್ಟರೇ ಬರುತ್ತೇನೆ ಎಂದಿದ್ದರು, ಇಟ್ಟಿಗೆ ಹೊರಗೆ ಬಿದ್ದಿತ್ತು, ಅರ್ಜಿ ಏಳೂ ಆಕೆಯ ಕೈಬರಹದಲ್ಲಿದ್ದವು. ಕಟ್ಟಲು ಹೇಳಿದಳು. ಅವನು ದಾರ ಹಿಡಿದು ಅಳತೆ ಹಾಕುವಾಗ ಹಿಂದಿನ ಬೆಂಚಿನ ಎತ್ತರಕ್ಕೆ ಕೈ ತೋರಿಸಿ, ಇಲ್ಲಿ ಒಂದು ಕಿಟಕಿ ಇಡಬೇಕು ಎಂದಳು. ಎರಡು ತರಗತಿ ನಡುವೆ ಕಿಟಕಿ ಯಾರು ಇಡುತ್ತಾರೆ ತಾಯಿ, ಗದ್ದಲ ಆಗುವುದಿಲ್ಲವೇ ಎಂದು ಅವನು ತಲೆ ಕೆರೆದುಕೊಂಡ. ಹೆಡ್‌ಮಿಸ್ಟ್ರೆಸ್ ನಾನು, ಹೇಳಿದಷ್ಟು ಮಾಡು ಎಂದಳು. ಸರಿ, ಕಿಟಕಿಯ ಬಾಗಿಲಿಗೆ ಚಿಲಕ ಯಾವ ಕಡೆ ಇಡಲಿ ಎಂದು ಕೇಳಿದ.

ಚಿಕ್ಕ ಟೀಚರು ಬಾಯಿ ತೆರೆಯುವಷ್ಟರಲ್ಲಿ ದೊಡ್ಡ ಟೀಚರು ಹೇಳಿಬಿಟ್ಟಳು. "ನನ್ನ ಕಡೆ."

ಶಾಲೆ ಮತ್ತೆ ಶುರುವಾದ ದಿನ ದೊಡ್ಡ ಟೀಚರು ಹೆಡ್‌ಮಾಸ್ಟರರ ಕೋಣೆಯಿಂದ ಆ ಬೆತ್ತದ ಕುರ್ಚಿಯನ್ನು ಎತ್ತಿಸಿ ತಂದು ತನ್ನ ತರಗತಿಯ ಕೊನೆಯಲ್ಲಿ, ಮೂಗಿಯ ಬೆಂಚಿದ್ದ ಜಾಗದಲ್ಲಿ, ಹೊಸ ಗೋಡೆಗೆ ತಾಗಿಸಿ ಹಾಕಿಸಿದಳು. ಬೆಂಚುಗಳನ್ನೆಲ್ಲ ಆ ಗೋಡೆಗೆ ಮುಖವಾಗಿ ಹಿಂದುಮುಂದು ತಿರುಗಿಸಿದಳು. ಕೊನೆಯದು ಮೊದಲನೆಯದಾಯಿತು, ಮೊದಲನೆಯದು ಕೊನೆಗೆ ಹೋಯಿತು. ಜಾಣ ಮಕ್ಕಳು ಮುಖ ಗಂಟುಹಾಕಿಕೊಂಡವು. ಆಚೆ ಚಿಕ್ಕ ಟೀಚರು ಗಂಟಲು ಸರಿಮಾಡಿಕೊಂಡು ಲೆಕ್ಕ ಶುರುಮಾಡಿದಳು, ಗೋಡೆಯ ಮೂಲಕ ಅದು ಗೊಣಗಿದ ಹಾಗೆ ಅಸ್ಪಷ್ಟವಾಗಿ ಕೇಳಿಸಿತು. ಒಮ್ಮೆ ನಗು ಎದ್ದಿತು. ದೊಡ್ಡ ಟೀಚರ ಕೈ ಅಭ್ಯಾಸಬಲದಿಂದ ಸೀಮೆಸುಣ್ಣಕ್ಕೆ ಹೋಯಿತು. ಹೊಟ್ಟೆಯಲ್ಲಿ ಹಳೆಯ ಉರಿ ಒಮ್ಮೆ ಚುರ್ ಎಂದಿತು, ಅದು ಎಲ್ಲಿಗೂ ಹೋಗಿರಲಿಲ್ಲ. ಎದುರಿನ ಬೆಂಚಿನಲ್ಲಿ ಮೂಗಿ ತನ್ನ ಕಾಲಿನ ಹೆಬ್ಬೆರಳು ಬಿಟ್ಟು ಕಿಟಕಿಯನ್ನೇ ನೋಡುತ್ತಿದ್ದಳು. ದೊಡ್ಡ ಟೀಚರು ಸೀಮೆಸುಣ್ಣ ಕೆಳಗಿಟ್ಟು, ಕೂತಲ್ಲಿಂದಲೇ ಕೈ ಚಾಚಿ ಚಿಲಕ ತೆಗೆದಳು.